ಅಲ್ಯೂಮಿನಿಯಮ್ ತಗಡಿನ ಆಯ್ಕೆ

ಹತ್ತರಗಿಯ ಮೇಲೆ ಹಾಯುವ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ದಕ್ಷಿಣಕ್ಕೆ ನಡೆದರೆ, ಬೆಳಗಾವಿಯ ಬಳಿ ಬಾಕ್ಸೈಟಿನಿಂದ ಅಲ್ಯೂಮಿನಾ ತೆಗೆಯುವ ಕಾರ್ಖಾನೆಯು ದೊರೆಯುವುದು. ಆ ಬಿಳಿಯ ಪುಡಿಯಿಂದಲೇ ಅಲ್ಯೂಮಿನಿಯಮ್ ಲೋಹವು ಹುಟ್ಟುತ್ತದೆ. ಶುದ್ಧಲೋಹವು ಬಹು ಮೃದುವಾದುದರಿಂದ ಅದಕ್ಕೆ ಅನ್ಯಧಾತುಗಳನ್ನು ಬೆರೆಸಿ ತಗಡು ಮಾಡುವರು. ಲೇಸರ್ ಕಿರಣದಿಂದ ಕತ್ತರಿಸಿ, ಬಳಿಕ ಬಾಗಿಸಿ ರೂಪಿಸತಕ್ಕ ಭಾಗಗಳಿಗೆ ಇಂತಹ ತಗಡುಗಳಲ್ಲಿ ಯಾವುದು ತಕ್ಕುದು?

ಕತ್ತರಿಸುವ ಕಾರ್ಯವು ಈ ಪ್ರಶ್ನೆಯನ್ನು ತೀರ್ಮಾನಿಸದು. ಅಲ್ಯೂಮಿನಿಯಮ್ ಬೆಳಕನ್ನು ಬಹಳವಾಗಿ ಪ್ರತಿಫಲಿಸುವುದಾದರೂ, ಸುಮಾರು 1 ಮೈಕ್ರೋಮೀಟರ್ ಅಲೆಯುದ್ದದ ಫೈಬರ್ ಲೇಸರ್ ಅದರ ಮಿಶ್ರಲೋಹಗಳನ್ನು ಸುಲಭವಾಗಿ ಕತ್ತರಿಸುವುದು. ಭೇದವು ತೋರುವುದು ಬಾಗಿಸುವಾಗ. ಬಾಗಿದ ತಗಡಿನ ಒಳಮೈ ಕುಗ್ಗುವುದು, ಹೊರಮೈ ಹಿಗ್ಗುವುದು. ಹಿಗ್ಗಲಾರದ ಲೋಹವು ಅಲ್ಲಿಯೇ ಬಿರಿಯುವುದು.

ಮೆಗ್ನೀಸಿಯಮ್ ಮತ್ತು ಸಿಲಿಕಾನ್ ಬೆರೆತು ಉಷ್ಣಸಂಸ್ಕಾರ ಹೊಂದಿದ 6061-ಟಿ6 ತಗಡು ಸುಮಾರು 275 ಮೆಗಾಪಾಸ್ಕಲ್ ಒತ್ತಡದವರೆಗೆ ಶಾಶ್ವತವಾಗಿ ವಿರೂಪಗೊಳ್ಳದು. ಆದರೆ ಕಿರಿದಾದ ಬಾಗಿನಲ್ಲಿ ಅದು ಬಿರಿಯುತ್ತದೆ. ಶೇಕಡಾ 2.5ರಷ್ಟು ಮೆಗ್ನೀಸಿಯಮ್ ಉಳ್ಳ 5052-ಎಚ್32 ತಗಡಿನ ಮಿತಿಯು ಸುಮಾರು 195. ಆದರೂ ತೆಳುವಾದ ಹಾಳೆಯು ತನ್ನ ದಪ್ಪದಷ್ಟೇ ಒಳತ್ರಿಜ್ಯದಲ್ಲಿ ಬಿರಿಯದೆ ಬಾಗುವುದು, ಬೆಸುಗೆಗೂ ಒದಗುವುದು.

ಆದುದರಿಂದ ಸಮತಲವಾಗಿಯೇ ಉಳಿಯುವ ಭಾರವಾಹಕ ಫಲಕಕ್ಕೆ ಮೊದಲನೆಯದೂ, ಬಾಗಿಸತಕ್ಕ ಪೆಟ್ಟಿಗೆ, ಮುಚ್ಚಳಗಳಿಗೆ ಎರಡನೆಯದೂ ಯೋಗ್ಯವು. ಹೆಚ್ಚಿನ ಬಲವೊಂದನ್ನೇ ನೋಡಿ ಆರಿಸಿದಾತನಿಗೆ ಬಿರಿದ ಅಂಚೇ ಫಲವಾಗುವುದು.