ವಾಣಿಜ್ಯಶಿಕ್ಷಣವೂ ಗಣಕವಿದ್ಯೆಯೂ

ಪದವಿ ತರಗತಿಗಳಲ್ಲಿ ವಾಣಿಜ್ಯಶಾಸ್ತ್ರವನ್ನೂ ಗಣಕವಿದ್ಯೆಯನ್ನೂ ಒಟ್ಟಿಗೆ ಬೋಧಿಸಬೇಕೆಂಬ ವಾದ ಈಗ ಹೊಸತಲ್ಲ. ಬಹುಶಾಸ್ತ್ರೀಯ ವ್ಯಾಸಂಗಕ್ಕೆ 2020ರ ರಾಷ್ಟ್ರೀಯ ಶಿಕ್ಷಣನೀತಿ ದಾರಿಮಾಡಿತು, ಬಿ.ಸಿ.ಎ., ಬಿ.ಬಿ.ಎ. ಪದವಿಗಳೆರಡೂ 2024ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ವ್ಯಾಪ್ತಿಗೆ ಬಂದವು. ಆದರೆ ಒಂದೇ ಸೂರಿನಡಿ ಇರಿಸಿದ ಮಾತ್ರಕ್ಕೆ ಎರಡು ವಿದ್ಯೆಗಳು ಬೆರೆಯವು. ಅವು ಬೆರೆಯುವ ಸ್ಥಾನವಾವುದೆಂಬುದೇ ವಿಚಾರಾರ್ಹ.

ಗಣಕವು ವ್ಯಾಪಾರಕ್ಕಿಳಿದ ಮೊದಲ ನಿದರ್ಶನವೇ ಇದನ್ನು ಸೂಚಿಸುತ್ತದೆ. ಇಂಗ್ಲೆಂಡಿನಲ್ಲಿ ಚಹಾದಂಗಡಿಗಳನ್ನೂ ಬೇಕರಿಗಳನ್ನೂ ನಡೆಸುತ್ತಿದ್ದ ಲಯನ್ಸ್ ಕಂಪನಿ, ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಎಡ್ಸ್ಯಾಕ್ ಯಂತ್ರದ ಮಾದರಿಯಲ್ಲಿ ಲಿಯೋ ಎಂಬ ಗಣಕವನ್ನು ತಾನೇ ಕಟ್ಟಿಸಿತು. 1951ರ ನವೆಂಬರಿನಲ್ಲಿ ಬೇಕರಿಯ ಸರಕಿನ ಮೌಲ್ಯಗಣನೆ ಅದರಲ್ಲಿ ನಡೆಯಿತು. ಯಂತ್ರಕ್ಕೆ ಕಾರ್ಯಕ್ರಮಗಳನ್ನು ರೂಪಿಸಿದವರಲ್ಲಿ ಪ್ರಮುಖರಾದ ಡೇವಿಡ್ ಕ್ಯಾಮಿನರ್ ಕಂಪನಿಯ ಕಚೇರಿಯಲ್ಲಿಯೇ ಪಳಗಿದವರು. ರೊಟ್ಟಿ ಎಲ್ಲಿಗೆ ಹೋಗುತ್ತದೆ, ಅದರ ಚೀಟಿ ಯಾರ ಕೈಸೇರುತ್ತದೆ ಎಂಬುದನ್ನು ಬಲ್ಲವರೇ ಯಂತ್ರಕ್ಕೆ ಪಾಠ ಹೇಳಬಲ್ಲವರಾದರು.

ಭಾರತದ ಬ್ಯಾಂಕುಗಳಿಗೆ ಗಣಕ ವ್ಯಾಪಕವಾಗಿ ಬಂದುದು ರಂಗರಾಜನ್ ಸಮಿತಿಗಳ 1984ರ ಮತ್ತು 1989ರ ವರದಿಗಳ ತರುವಾಯ. ಇಂದು ಅಲ್ಲಿ ನಿತ್ಯವೂ ಎದುರಾಗುವ ಒಂದು ಸಂಗತಿಯನ್ನು ನೋಡಬಹುದು. ಗ್ರಾಹಕನೊಬ್ಬ ಎ.ಟಿ.ಎಂ.ನಲ್ಲಿ 5,000 ರೂಪಾಯಿ ಕೇಳಿದನೆನ್ನೋಣ. ಖಾತೆಗೆ ಖರ್ಚು ಬಿದ್ದಿತು, ನೋಟು ಹೊರಬರಲಿಲ್ಲ. ಲೆಕ್ಕಿಗನ ದೃಷ್ಟಿಗೆ ಯಂತ್ರದ ನಗದು 5,000 ರೂಪಾಯಿ ಹೆಚ್ಚಿದೆ, ಖಾತೆಯಲ್ಲಿ ಅಷ್ಟೇ ಕಡಿಮೆಯಿದೆ. ಗಣಕಜ್ಞನ ದೃಷ್ಟಿಗೆ ವ್ಯವಹಾರ ಅರ್ಧಕ್ಕೆ ನಿಂತಿದೆ. ಎರಡು ನಮೂದುಗಳೂ ಆಗಬೇಕು, ಇಲ್ಲವೇ ಎರಡೂ ಅಳಿಯಬೇಕು. ಲೂಕಾ ಪಾಚೋಲಿ 1494ರಲ್ಲಿ ವೆನಿಸಿನಲ್ಲಿ ಅಚ್ಚುಹಾಕಿಸಿದ ಗ್ರಂಥದಲ್ಲಿ ವಿವರಿಸಿದ ಜೋಡಿ ನಮೂದು ಪದ್ಧತಿಯೂ ಬಯಸುವುದು ಈ ಸಮತೋಲವನ್ನೇ. ಇಬ್ಬರೂ ಒಂದೇ ಮಾತನ್ನಾಡುತ್ತಿದ್ದಾರೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು, ಅಷ್ಟೆ!

ಆದ್ದರಿಂದ ಕಾಲೇಜಿನಲ್ಲಿ ವಾಣಿಜ್ಯ ವಿದ್ಯಾರ್ಥಿಗೆ ಕೀಲಿಮಣೆಯ ಅಭ್ಯಾಸವನ್ನಷ್ಟೇ ಮಾಡಿಸುವುದು ಶಿಕ್ಷಣವೆನಿಸದು. ಯಂತ್ರದ ದಾಖಲೆಯನ್ನೂ ಖಾತೆಯ ದಾಖಲೆಯನ್ನೂ ಅವನ ಮುಂದಿರಿಸಿ, ಎರಡನ್ನೂ ತಾಳೆನೋಡುವ ಕಾರ್ಯಕ್ರಮವನ್ನು ಅವನಿಂದಲೇ ಬರೆಯಿಸಬೇಕು. ವ್ಯತ್ಯಾಸ ಕಂಡಲ್ಲಿ ಕೀರ್ದಿಯ ನಮೂದನ್ನೂ ಅವನೇ ಮಾಡಬೇಕು.

ಅದರೊಡನೆ ನಿಯಮವನ್ನೂ ಓದಿಸಬೇಕು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರಿನ ಸುತ್ತೋಲೆಯಂತೆ, ಇಂತಹ ಹಣ ವ್ಯವಹಾರದ ದಿನದಿಂದ 5 ದಿನಗಳೊಳಗೆ ಖಾತೆಗೆ ಮರಳಬೇಕು; ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವನ್ನು ಗ್ರಾಹಕ ಕೇಳದೆಯೇ ಕೊಡಬೇಕು. ದಿನವೆಂದರೆ ಪಂಚಾಂಗದ ದಿನ, ಕಚೇರಿಯ ದಿನವಲ್ಲ. ಗುರುವಾರ ಕಡಿತವಾದ ಹಣಕ್ಕೆ ಮಂಗಳವಾರವೇ ಗಡುವು. ಭಾನುವಾರವನ್ನು ಬಿಟ್ಟು ಎಣಿಸುವಂತೆ ಕಾರ್ಯಕ್ರಮ ಬರೆದರೆ, ಬುಧವಾರ ಹಣ ಪಡೆದ ಗ್ರಾಹಕನಿಗೆ ಸಲ್ಲಬೇಕಾದ 100 ರೂಪಾಯಿ ಸಲ್ಲದೆ ಹೋಗುತ್ತದೆ, ಲೆಕ್ಕಪತ್ರದಲ್ಲಿ ಎಲ್ಲವೂ ಸರಿಯಾಗಿಯೇ ತೋರುತ್ತಿರುತ್ತದೆ.