ಹೆಣ್ಣುನಾಯಿಯ ಮೊದಲ ಬೆದೆ: ಹುಚ್ಚೆಂದು ದೊಣ್ಣೆ ಎತ್ತುವ ಮೊದಲು

ಆಕಳು ಬೆದೆಗೆ ಬಂದರೆ ಊರೆಲ್ಲ ಕೇಳುವಂತೆ ಹೇಳಿ ಹೋರಿಯ ಬಳಿಗೋ ಪಶು ಆಸ್ಪತ್ರೆಗೋ ಹೊಡೆದುಕೊಂಡು ಹೋಗುವ ನಾವು, ಮನೆಯ ನಾಯಿ ಬೆದೆಗೆ ಬಂದಾಗ ಮಾತ್ರ ಮುಖ ತಿರುಗಿಸುತ್ತೇವೆ. ಅದು ಮಾತನಾಡತಕ್ಕ ವಿಷಯವಲ್ಲವೆಂಬ ಸಂಕೋಚ. ಈ ಸಂಕೋಚದಿಂದ ಆಗುವ ಕೇಡು ಎಂತಹದೆಂಬುದನ್ನು ಅನುಭವದಿಂದ ಅರಿತಿರುವ ಕಾರಣ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಮ್ಮ ಹೊಲದ ಕಾವಲಿಗೆ ಕೆಂಪಿ ಎಂಬ ನಾಟಿ ನಾಯಿ ಇತ್ತು. ಹತ್ತು ತಿಂಗಳು ತುಂಬುವ ಹೊತ್ತಿಗೆ ಕಾಡುಹಂದಿಯ ಸದ್ದನ್ನು ದೂರದಿಂದಲೇ ಹಿಡಿದು ಬೊಗಳುವಷ್ಟು ಚುರುಕಾಗಿತ್ತು. ಚಿತ್ತಾ ಮಳೆಯ ದಿನಗಳು, ಕಡಲೆಕಾಯಿ ಕೀಳುವ ಕಾಲ. ಕಾವಲು ಬೇಕಾದ ಆ ಹೊತ್ತಿನಲ್ಲಿಯೇ ಅದರ ನಡತೆ ಕೆಟ್ಟಿತು. ಕರೆದರೆ ಬಾರದು. ಹಾಕಿದ ಮುದ್ದೆಯನ್ನು ಮೂಸಿ ಬಿಡುವುದು. ಹೆಜ್ಜೆಗೊಮ್ಮೆ ಉಚ್ಚೆ ಹೊಯ್ಯುವುದು. ಜೊತೆಯಲ್ಲಿ ಆಡಿ ಬೆಳೆದ ಪಕ್ಕದ ಮನೆಯ ಗಂಡುನಾಯಿಯ ಮೇಲೆಯೇ ಹಲ್ಲು ಕಿರಿದು ಎಗರುವುದು. ರಾತ್ರಿ ಹೊಲ ಬಿಟ್ಟು ಎತ್ತಲೋ ಹೋಗುವುದು.

“ಮೇಷ್ಟ್ರೇ, ಇದಕ್ಕೆ ಹುಚ್ಚು ಹಿಡಿದಿದೆ. ಮಕ್ಕಳನ್ನು ಕಚ್ಚೀತು. ಮುಗಿಸಿಬಿಡೋಣ” ಎಂದರು ನೆರೆಯವರು. ಮಕ್ಕಳಿಗೆ ಪಾಠ ಹೇಳುವ ನಾನೂ ತಲೆಯಾಡಿಸಿದೆ. ದೊಣ್ಣೆಯೂ ಕೈಗೆ ಬಂತು.

ಕಾಯಿ ಕಿತ್ತು ಮುಗಿದಿದ್ದ ಪಕ್ಕದ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿಮಂದೆ ನಿಲ್ಲಿಸಿದ್ದರು. ಕಲ್ಯಾಣದುರ್ಗದ ಕಡೆಯ ಕುರಿಗಾಹಿ ತಾತ ನಮ್ಮ ಗದ್ದಲ ಕೇಳಿ ಬಂದ. ದೂರದಲ್ಲೇ ನಿಂತು, ಕೆಂಪಿ ಮಲಗಿ ಎದ್ದ ಜಾಗವನ್ನು ಕೋಲಿನಿಂದ ತೋರಿಸಿದ. ಮಣ್ಣಿನ ಮೇಲೆ ನಾಲ್ಕಾರು ಹನಿ ರಕ್ತ. “ಹುಚ್ಚಲ್ಲ ಮೇಷ್ಟ್ರೇ, ಬೆದೆ. ಮೊದಲನೇ ಸಲ. ಅದಕ್ಕೇ ತನಗೇನಾಗುತ್ತಿದೆಯೆಂದು ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ” ಎಂದ. ದೊಣ್ಣೆ ಕೆಳಗಿಟ್ಟೆವು.

ಆಮೇಲೆ ಪಶುವೈದ್ಯರನ್ನು ಕೇಳಿ ತಿಳಿದುಕೊಂಡದ್ದು ಇಷ್ಟು. ಹೆಣ್ಣುಮರಿ ಸಾಧಾರಣವಾಗಿ 6ರಿಂದ 12 ತಿಂಗಳೊಳಗೆ ಮೊದಲ ಸಲ ಬೆದೆಗೆ ಬರುತ್ತದೆ. ದೊಡ್ಡ ಜಾತಿಯ ನಾಯಿಗಳಲ್ಲಿ ಒಂದೂವರೆ ವರ್ಷವೂ ಆಗಬಹುದು. ಅಂಡಾಶಯದಲ್ಲಿ ಹುಟ್ಟುವ ರಸಗಳು ರಕ್ತದಲ್ಲಿ ಏರುವುದರಿಂದ ದೇಹದೊಡನೆ ಸ್ವಭಾವವೂ ಬದಲಾಗುತ್ತದೆ. ಒಂದು ನಾಯಿ ಸಿಡುಕಾದರೆ ಇನ್ನೊಂದು ಯಜಮಾನನ ಕಾಲು ಬಿಟ್ಟು ಕದಲದು. ಬಾಲದ ಕೆಳಗಿನ ಭಾಗ ಊದಿ ರಕ್ತ ಹನಿಯುತ್ತದೆ. ನಾಯಿ ಅದನ್ನು ಪದೇ ಪದೇ ನೆಕ್ಕಿಕೊಳ್ಳುತ್ತದೆ. ಮೂತ್ರದ ವಾಸನೆಗೆ ಗಂಡುನಾಯಿಗಳು ಬಂದು ಸೇರಿದರೂ ಮೊದಲ ಎಂಟೊಂಬತ್ತು ದಿನ ಅದು ಅವನ್ನು ಹತ್ತಿರ ಸೇರಿಸದು. ಅನಂತರ ರಕ್ತದ ಬಣ್ಣ ತೆಳುವಾಗಿ, ಬಾಲವನ್ನು ಪಕ್ಕಕ್ಕೆ ಸರಿಸಿ ನಿಲ್ಲುತ್ತದೆ. ಗಬ್ಬ ಕಟ್ಟುವ ಕಾಲ ಅದೇ. ಒಟ್ಟು ಸುಮಾರು ಮೂರು ವಾರಗಳಲ್ಲಿ ಎಲ್ಲವೂ ಮುಗಿದು ನಾಯಿ ಹಿಂದಿನಂತೆಯೇ ಆಗುತ್ತದೆ.

ನಾವು ಕಾರ್ತೀಕದ ನಾಯಿ ಎನ್ನುತ್ತೇವೆ. ನೆರೆಯ ತೆಲುಗರು ಚಿತ್ತ ಕಾರ್ತೆ ಕುಕ್ಕ ಎನ್ನುತ್ತಾರೆ. ಬೈಗುಳವಾಗಿ ಉಳಿದಿರುವ ಈ ಮಾತಿನಲ್ಲಿ ಹಿರಿಯರು ಕಣ್ಣಾರೆ ಕಂಡ ಸತ್ಯವುಂಟು. ರಾಜಸ್ಥಾನದ ಜಯಪುರದ ಬೀದಿನಾಯಿಗಳನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟವಾದ ವರದಿಯೂ, ಮಳೆಗಾಲ ಮುಗಿಯುವ ಈ ತಿಂಗಳುಗಳಲ್ಲೇ ಅವು ಹೆಚ್ಚಾಗಿ ಗಬ್ಬವಾಗುತ್ತವೆಂದು ತಿಳಿಸಿದೆ.

ಇಷ್ಟು ತಿಳಿದ ಮೇಲೂ ನಾನು ಒಂದು ತಪ್ಪು ಮಾಡಿದೆ. ಕೆಂಪಿಯನ್ನು ಹಗ್ಗದಿಂದ ಅಂಗಳದಲ್ಲಿ ಕಟ್ಟಿದೆ. ಏಳೆಂಟು ಗಂಡುನಾಯಿಗಳು ಸುತ್ತ ಸೇರಿ ರಾತ್ರಿಯೆಲ್ಲ ಕಾದಾಡಿದವು. ಮೂರನೆಯ ರಾತ್ರಿ ಹಗ್ಗ ಕಡಿದಿತ್ತು. ಧನುರ್ಮಾಸದ ಚಳಿಯಲ್ಲಿ, ಲೆಕ್ಕಕ್ಕೆ ಸರಿಯಾಗಿ ಒಂಬತ್ತು ವಾರಕ್ಕೆ, ಐದು ಮರಿ ಹಾಕಿತು. ತಾನೇ ಇನ್ನೂ ಬೆಳೆಯುತ್ತಿದ್ದ ನಾಯಿ; ಹಾಲು ಸಾಲಲಿಲ್ಲ. ಮೂರು ಮರಿ ಸತ್ತವು. ಸತ್ತ ಮರಿಯನ್ನು ಅದು ಬಾಯಲ್ಲಿ ಕಚ್ಚಿಕೊಂಡು ಮನೆ ಸುತ್ತಿದ್ದನ್ನು ನನ್ನ ಮಕ್ಕಳು ಇಂದಿಗೂ ಮರೆತಿಲ್ಲ.

ಆದುದರಿಂದ ಬೆದೆಯ ಮೂರು ವಾರ ನಾಯಿಯನ್ನು ಬಾಗಿಲಿರುವ ಕೋಣೆಯಲ್ಲೋ ಭದ್ರವಾದ ಕೊಟ್ಟಿಗೆಯಲ್ಲೋ ಇರಿಸತಕ್ಕದ್ದು. ಹೊರಗೆ ಬಿಡುವಾಗ ಸರಪಳಿ ಕೈಯಲ್ಲಿರಲಿ. ಹೊಡೆಯಕೂಡದು, ಕಾವಲಿಗೆ ಬೇರೆ ಏರ್ಪಾಟು ಮಾಡಿಕೊಳ್ಳಿರಿ. ಕೂಡಿಕೊಂಡ ನಾಯಿಗಳಿಗೆ ಕಲ್ಲು ಹೊಡೆಯುವ ಹುಡುಗರನ್ನು ತಡೆಯಿರಿ. ಅವು ಅರ್ಧ ಗಂಟೆಯವರೆಗೂ ಬಿಡಿಸಿಕೊಳ್ಳಲಾರವು. ಬಲವಂತ ಮಾಡಿದರೆ ಎರಡಕ್ಕೂ ಗಾಯವಾಗುತ್ತದೆ, ಹತ್ತಿರ ಹೋದವರನ್ನು ಕಚ್ಚುತ್ತವೆ. ಮರಿ ಬೇಡವಾದವರಿಗೆ ಗರ್ಭಕೋಶ ತೆಗೆಸುವ ಶಸ್ತ್ರಚಿಕಿತ್ಸೆಯುಂಟು. ಬೆದೆಯಲ್ಲಿ ರಕ್ತನಾಳಗಳು ಉಬ್ಬಿರುವುದರಿಂದ, ಬೆದೆ ಕಳೆದು ಎರಡು ಮೂರು ತಿಂಗಳ ಮೇಲೆ ಮಾಡಿಸುವುದು ಲೇಸು. ಕೆಂಪಿಗೂ ಮಾಡಿಸಿದೆವು. ಬೀದಿನಾಯಿಗಳನ್ನು ಕೊಲ್ಲದೆ, ಹೀಗೆ ಶಸ್ತ್ರಚಿಕಿತ್ಸೆ ಮಾಡಿ ಲಸಿಕೆ ಹಾಕಬೇಕೆಂದು 2001ರಲ್ಲಿಯೂ ಮತ್ತೆ 2023ರಲ್ಲಿಯೂ ಕೇಂದ್ರ ಸರಕಾರ ನಿಯಮ ಮಾಡಿದೆ.

ಇನ್ನು ಹುಚ್ಚಿನ ವಿಷಯ. ಬೆದೆಯ ನಾಯಿ ಎಷ್ಟೇ ಸಿಡುಕಾದರೂ ಮನೆಯವರ ಗುರುತು ಮರೆಯದು, ನೀರು ಕುಡಿಯುತ್ತದೆ, ರಕ್ತದ ಹನಿ ಕಾಣುತ್ತದೆ. ಹುಚ್ಚು ಹಿಡಿದ ನಾಯಿಯ ದನಿ ಒಡೆಯುತ್ತದೆ, ದವಡೆ ಜೋತು ಜೊಲ್ಲು ಸುರಿಯುತ್ತದೆ, ನುಂಗಲಾರದು, ಹಿಂಗಾಲು ಸೋಲುತ್ತದೆ, ಕಂಡದ್ದನ್ನೆಲ್ಲ ಕಚ್ಚುತ್ತದೆ. ಸುಮಾರು ಹತ್ತು ದಿನಗಳೊಳಗೆ ಸಾಯುತ್ತದೆ. ಆದರೆ ಆರಂಭದಲ್ಲಿ ಹುಚ್ಚುನಾಯಿಯೂ ನೀರಿಗೆ ಬಾಯಿ ಹಾಕಬಹುದು. ಸಂಶಯವಿದ್ದರೆ ಮುಟ್ಟದೆ, ಕೂಡಿಹಾಕಿ, ವೈದ್ಯರಿಗೆ ತಿಳಿಸಿರಿ.

ಬೆದೆಯ ಕಾಲದ ಜಗಳಗಳಲ್ಲಿ ಒಂದು ಹುಚ್ಚುನಾಯಿ ಸೇರಿದರೂ ಸಾಕು, ರೋಗ ಕಚ್ಚಿಸಿಕೊಂಡವುಗಳಿಗೆ ಹರಡೀತು. ಮರಿಗೆ ಮೂರು ತಿಂಗಳಾದಾಗ ಲಸಿಕೆ ಹಾಕಿಸಿ, ಅನಂತರ ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಿರಿ. ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ಹಚ್ಚಿ, ಸುರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿರಿ. ಸುಣ್ಣ, ಖಾರದ ಪುಡಿ ಹಚ್ಚಕೂಡದು. ವೈದ್ಯರು ಹೇಳಿದ ಸೂಜಿಗಳಲ್ಲಿ ಒಂದನ್ನೂ ಬಿಡಕೂಡದು.

2022ರಲ್ಲಿ ಹಿಂದೂಪುರ ಒಂದು ಜಿಲ್ಲೆಗೂ ಕಲ್ಯಾಣದುರ್ಗ ಇನ್ನೊಂದಕ್ಕೂ ಸೇರಿದವು. ಆದರೂ ಎರಡೂ ಕಡೆಯ ಹೊಲ, ಕುರಿಹಟ್ಟಿ ಕಾಯುವುದು ಇಂಥ ನಾಟಿ ನಾಯಿಗಳೇ. ವರ್ಷವೆಲ್ಲ ನಮಗಾಗಿ ಎಚ್ಚರವಿರುವ ಪ್ರಾಣಿಗಾಗಿ ನಾವು ಮೂರು ವಾರ ಎಚ್ಚರವಿರುವುದು ದೊಡ್ಡ ಮಾತಲ್ಲ.