ಪಟಾಕಿಯ ಸದ್ದಿಗೆ ನಡುಗುವ ನಾಯಿ: ಭಯ ತಗ್ಗಿಸುವ ಬಗೆ

ದೀಪಾವಳಿ ಸಮೀಪಿಸಿದಂತೆ ನಾಯಿ ಸಾಕಿದ ಮನೆಗಳಲ್ಲಿ ಒಂದು ಚಿಂತೆ ಮೂಡುತ್ತದೆ. ಮೊದಲ ಪಟಾಕಿ ಸಿಡಿದೊಡನೆ ನಾಯಿ ಮಂಚದ ಅಡಿಗೆ ನುಸುಳುತ್ತದೆ, ನಡುಗುತ್ತದೆ, ಅನ್ನ ನೀರು ಮುಟ್ಟುವುದಿಲ್ಲ. ಸರಪಳಿ ಕಿತ್ತುಕೊಂಡು ಓಡಿ, ದಾರಿ ತಪ್ಪಿ, ವಾಹನಕ್ಕೆ ಸಿಲುಕುವ ನಾಯಿಗಳೂ ಉಂಟು. ಇದನ್ನು ಹೇಡಿತನವೆಂದು ನಗುವವರಿದ್ದಾರೆ, ಮೊಂಡುತನವೆಂದು ಗದರುವವರೂ ಇದ್ದಾರೆ. ಎರಡೂ ಸರಿಯಲ್ಲ. ಅದು ನಿಜವಾದ ಭಯ. ಭಯವನ್ನು ಗದರಿಸಿ ಓಡಿಸಲಾಗದು. ತಾಳ್ಮೆಯ ಅಭ್ಯಾಸದಿಂದ ತಗ್ಗಿಸಬಹುದು. ಆ ಅಭ್ಯಾಸಕ್ಕೆ ಹಲವು ವಾರಗಳ ಕಾಲಾವಕಾಶ ಬೇಕಾದ್ದರಿಂದ, ಈ ವಿಷಯವನ್ನು ಹಬ್ಬಕ್ಕೆ ಬಹು ಮುಂಚಿತವಾಗಿಯೇ ಸದ್ಭಕ್ತರ ಮುಂದಿಡುತ್ತಿದ್ದೇವೆ.

ಭಯದ ಮೂಲ ಮತ್ತು ಲಕ್ಷಣ

ಮನುಷ್ಯನ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ, ನಾಯಿಗೆ 40,000 ಹರ್ಟ್ಸ್‌ಗೂ ಮೀರಿದ ಸದ್ದು ಕೇಳಿಸುತ್ತದೆ. ನಮಗೆ ಕೇಳದ ದೂರದ ಮೆಲುಸದ್ದೂ ಅದರ ಕಿವಿಗೆ ಬೀಳುತ್ತದೆ. ಪಟಾಕಿ ಯಾವಾಗ, ಎಲ್ಲಿಂದ ಸಿಡಿಯುವುದೆಂದು ಅದಕ್ಕೆ ಊಹಿಸಲಾಗದು. ಈ ಅನಿಶ್ಚಿತತೆಯೇ ಭಯವನ್ನು ಬೆಳೆಸುತ್ತದೆ.

ನಡುಕ ಕಾಣಿಸುವುದಕ್ಕೆ ಮುನ್ನವೇ ಕೆಲವು ಸಣ್ಣ ಸೂಚನೆಗಳಿರುತ್ತವೆ. ನಿದ್ದೆಯಿಲ್ಲದೆಯೂ ಆಕಳಿಸುವುದು, ಪದೇ ಪದೇ ತುಟಿ ನೆಕ್ಕುವುದು, ಕಿವಿಗಳನ್ನು ಹಿಂದಕ್ಕೆ ಒತ್ತುವುದು, ಬಾಲವನ್ನು ಕಾಲ ನಡುವೆ ಮುದುಡುವುದು, ಸೆಕೆಯಿಲ್ಲದಿದ್ದರೂ ತೇಕುವುದು ಇವುಗಳಲ್ಲಿ ಮುಖ್ಯ. ಇವನ್ನು ಗುರುತಿಸಲು ಕಲಿತವರು ಮುಂದಿನ ಅಭ್ಯಾಸವನ್ನು ಸುಲಭವಾಗಿ ನಡೆಸಬಲ್ಲರು.

ಸದ್ದಿನ ಅರ್ಥ ಬದಲಿಸುವ ಅಭ್ಯಾಸ

ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್ ತಮ್ಮ ಪ್ರಯೋಗಗಳಲ್ಲಿ ಆಹಾರ ನೀಡುವ ಮುನ್ನ ನಾಯಿಗಳಿಗೆ ಮತ್ತೆ ಮತ್ತೆ ಒಂದು ಸದ್ದನ್ನು ಕೇಳಿಸಿದರು. ಕಡೆಗೆ ಆ ಸದ್ದು ಕೇಳಿದರೇ ನಾಯಿಗಳು ಜೊಲ್ಲು ಸುರಿಸತೊಡಗಿದವು. 1924ರಲ್ಲಿ ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ಮೊಲಕ್ಕೆ ಹೆದರುತ್ತಿದ್ದ ಮಗುವೊಂದು ಇಷ್ಟದ ತಿನಿಸು ತಿನ್ನುತ್ತಿರುವಾಗ ಮೊಲವನ್ನು ಸ್ವಲ್ಪ ಸ್ವಲ್ಪವಾಗಿ ಹತ್ತಿರ ತಂದು, ಆ ಭಯವನ್ನು ಹೋಗಲಾಡಿಸಿದರು. ನಾಯಿಯ ವಿಷಯದಲ್ಲಿಯೂ ಈ ತತ್ತ್ವವೇ ನೆರವಿಗೆ ಬರುತ್ತದೆ.

ಹಬ್ಬಕ್ಕೆ ಎರಡು ತಿಂಗಳು ಮೊದಲು ಪಟಾಕಿ ಸದ್ದಿನ ಧ್ವನಿಮುದ್ರಣವನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಬೇಕು. ನಾಯಿ ಕಿವಿ ನಿಮಿರಿಸಿ ಕೇಳುವಷ್ಟು, ಆದರೆ ಹೆದರದಷ್ಟು ಮೆಲ್ಲಗೆ ಅದನ್ನು ನುಡಿಸಬೇಕು. ಸದ್ದು ಕೇಳಿದ ಮರುಕ್ಷಣ ಅದಕ್ಕೆ ಬಲು ಇಷ್ಟವಾದ ತಿನಿಸಿನ ಚಿಕ್ಕ ಚೂರು ಕೊಡಬೇಕು. ಪನೀರ್ ಆಗಬಹುದು, ಬೇಯಿಸಿದ ಗಜ್ಜರಿಯಾಗಬಹುದು. ಮೊದಲು ಸದ್ದು, ಅನಂತರ ತಿನಿಸು ಎಂಬ ಕ್ರಮ ತಪ್ಪಬಾರದು. ದಿನಕ್ಕೆ ಐದು ಹತ್ತು ನಿಮಿಷ ಸಾಕು. ನಾಯಿ ನಿರಾಳವಾಗಿ ಬಾಲವಾಡಿಸುತ್ತ ತಿನಿಸಿಗಾಗಿ ನಮ್ಮತ್ತ ನೋಡತೊಡಗಿದಾಗ ಮಾತ್ರ ಸದ್ದನ್ನು ತುಸು ಏರಿಸಬೇಕು. ತಿನ್ನುವುದನ್ನು ಬಿಟ್ಟರೆ ಸದ್ದು ಹೆಚ್ಚಾಯಿತೆಂದು ತಿಳಿದು ಹಿಂದಿನ ಮಟ್ಟಕ್ಕೆ ಇಳಿಸಬೇಕು. ಅವಸರ ಸಲ್ಲದು.

ರೂಢಿಯಾಗಲೆಂದು ನಾಯಿಯನ್ನು ಪಟಾಕಿಯ ಬಳಿ ಕಟ್ಟಿಹಾಕುವ ಪದ್ಧತಿ ಕೆಲವೆಡೆ ಉಂಟು. ಇದರಿಂದ ಭಯ ಇಮ್ಮಡಿಸಬಹುದೇ ಹೊರತು ಧೈರ್ಯ ಬರುವುದಿಲ್ಲ.

ದಿನವನ್ನು ತುಂಬುವ ಚಟುವಟಿಕೆ

ಇಡೀ ದಿನ ಸರಪಳಿಯಲ್ಲಿಯೇ ಕಳೆಯುವ ನಾಯಿಯ ಮನಸ್ಸು ಸದಾ ಬಿಗಿಯಾಗಿರುತ್ತದೆ. ಅದರ ಬುದ್ಧಿಗೂ ಮೂಗಿಗೂ ಕೆಲಸ ಕೊಡಬೇಕು. ಮನುಷ್ಯನಿಗಿಂತ ಎಷ್ಟೋ ಪಾಲು ಚುರುಕಾದ ಮೂಗು ನಾಯಿಯದು. ಮೂಸಿ ನೋಡುವುದೇ ಅದಕ್ಕೆ ಲೋಕವನ್ನು ಅರಿಯುವ ದಾರಿ. ಆದ್ದರಿಂದ ವಿಹಾರಕ್ಕೆ ಕರೆದೊಯ್ದಾಗ ಹಗ್ಗ ಎಳೆದು ಅವಸರಪಡಿಸದೆ, ಗಿಡ ಕಂಬಗಳನ್ನು ಮೂಸಲು ಸಮಯ ಕೊಡೋಣ. ರೊಟ್ಟಿಯನ್ನು ತಟ್ಟೆಗೆ ಹಾಕುವ ಬದಲು ಚೂರು ಮಾಡಿ ಅಂಗಳದ ಹುಲ್ಲಿನಲ್ಲಿ ಚೆಲ್ಲಬಹುದು, ಹಳೆಯ ಬಟ್ಟೆಯಲ್ಲಿ ಸುತ್ತಿಡಬಹುದು, ರಟ್ಟಿನ ಪೆಟ್ಟಿಗೆಯಲ್ಲಿ ಬಚ್ಚಿಡಬಹುದು. ಹುಡುಕಿ ತಿಂದ ನಾಯಿ ತೃಪ್ತಿಯಿಂದ ಮಲಗುತ್ತದೆ. ‘ಕೂಡು’, ‘ನಿನ್ನ ಜಾಗಕ್ಕೆ ಹೋಗು’ ಎಂಬಂಥ ಸರಳ ಮಾತುಗಳನ್ನು ತಿನಿಸಿನ ಆಸೆ ತೋರಿ ಕಲಿಸಿದರೆ, ಗೊಂದಲದ ಹೊತ್ತಿನಲ್ಲಿ ಏನು ಮಾಡಬೇಕೆಂದು ಅದಕ್ಕೆ ತಿಳಿದಿರುತ್ತದೆ.

ಹಬ್ಬದ ರಾತ್ರಿ

ಧ್ವನಿಮುದ್ರಣದಲ್ಲಿ ಸದ್ದಿದ್ದರೂ ಬೆಳಕಿನ ಮಿಂಚು, ನೆಲದ ಕಂಪನ, ಮದ್ದಿನ ವಾಸನೆ ಇರುವುದಿಲ್ಲ. ಆದ್ದರಿಂದ ಅಭ್ಯಾಸವಾದ ನಾಯಿಗೂ ಆಸರೆಯ ಜಾಗ ಬೇಕು. ಮನೆಯ ಒಳಕೋಣೆಯಲ್ಲಿ ಕಿಟಕಿ ಮುಚ್ಚಿ, ಪರದೆ ಎಳೆದು, ಮನೆಯವರ ಹಳೆಯ ಹೊದಿಕೆಯೊಂದನ್ನು ಹಾಸಬೇಕು. ಹತ್ತಿರದಲ್ಲಿ ನೀರಿಡಬೇಕು. ರೇಡಿಯೊ ಅಥವಾ ಫ್ಯಾನಿನ ಸದ್ದು ಹೊರಗಿನ ಸದ್ದನ್ನು ತುಸು ಮರೆಮಾಡುತ್ತದೆ. ಈ ಜಾಗವನ್ನು ವಾರಗಳ ಮೊದಲೇ ಪರಿಚಯಿಸಿರಬೇಕು. 2018ರಲ್ಲಿ ಸುಪ್ರೀಂ ಕೋರ್ಟ್ ದೀಪಾವಳಿಯ ರಾತ್ರಿ ಪಟಾಕಿ ಸಿಡಿಸಲು 8ರಿಂದ 10 ಗಂಟೆಯ ಮಿತಿ ವಿಧಿಸಿತಾದರೂ, ಸದ್ದು ಮುಸ್ಸಂಜೆಗೇ ಶುರುವಾಗಬಹುದು. ಬೆಳಕಿರುವಾಗಲೇ ವಿಹಾರ, ಊಟ ಮುಗಿಸಿರಬೇಕು. ಮನೆಯ ದೂರವಾಣಿ ಸಂಖ್ಯೆ ಬರೆದ ಬಿಲ್ಲೆ ಕೊರಳಪಟ್ಟಿಯಲ್ಲಿರಲಿ. ಅಂಗಳದಲ್ಲಿ ಕಟ್ಟಿಹಾಕಬಾರದು, ಬೆದರಿ ಹಾರಿದ ನಾಯಿಯ ಕೊರಳಿಗೆ ಸರಪಳಿ ಬಿಗಿದು ಪ್ರಾಣಾಪಾಯವಾದೀತು.

ಹೆದರಿದ ನಾಯಿಯನ್ನು ಸಂತೈಸಿದರೆ ಭಯ ಹೆಚ್ಚುತ್ತದೆಂಬ ಮಾತು ಪ್ರಚಾರದಲ್ಲಿದೆ. ಅದು ನಿಜವಲ್ಲ. ಬಳಿ ಬಂದು ಮೈಗೊರಗಿದರೆ ಮೆಲ್ಲಗೆ ಸವರೋಣ. ಅಡಗಿ ಕುಳಿತರೆ ಎಳೆದು ಹೊರತರದೆ ಅಲ್ಲಿಯೇ ಬಿಡೋಣ.

ವೈದ್ಯರ ನೆರವು

ಉಗುರು ಕಿತ್ತುಬರುವಂತೆ ಬಾಗಿಲು ಕೆರೆಯುವ, ಗಾಯ ಮಾಡಿಕೊಳ್ಳುವ ನಾಯಿಗೆ ಅಭ್ಯಾಸದೊಡನೆ ಔಷಧವೂ ಬೇಕಾಗಬಹುದು. ವಯಸ್ಸಾದ ನಾಯಿ ಒಮ್ಮೆಲೇ ಸದ್ದಿಗೆ ಹೆದರತೊಡಗಿದರೆ ಕೀಲುನೋವಿನಂಥ ಕಾರಣವಿರಬಹುದು. ಇಂಥ ಸಂದರ್ಭದಲ್ಲಿ ಹಬ್ಬಕ್ಕೆ ಮುನ್ನವೇ ಪಶುವೈದ್ಯರನ್ನು ಕಾಣಬೇಕು. ಮನುಷ್ಯರ ನಿದ್ರೆಮಾತ್ರೆಯನ್ನಾಗಲಿ ನೋವುಮಾತ್ರೆಯನ್ನಾಗಲಿ ನಾವೇ ಕೊಡುವುದು ಅಪಾಯಕರ. ದೇಹವನ್ನು ಮಾತ್ರ ಜಡಗೊಳಿಸಿ ಒಳಗಿನ ಭಯವನ್ನು ಹಾಗೆಯೇ ಉಳಿಸುವ ಔಷಧಗಳೂ ಇವೆ. ಆಯ್ಕೆ ವೈದ್ಯರದೇ ಆಗಿರಲಿ. ಹಬ್ಬದಡುಗೆಯ ವಿಷಯದಲ್ಲಿಯೂ ಎಚ್ಚರ ಬೇಕು: ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ನಾಯಿಗೆ ವಿಷಕಾರಿ.

ಬೀದಿಯ ನಾಯಿಗೆ ಒಳಕೋಣೆಯಿಲ್ಲ. ಆ ರಾತ್ರಿ ಅದು ನಮ್ಮ ಜಗಲಿಯ ಮೂಲೆಗೆ ಬಂದು ಮುದುಡಿದರೆ ಅಟ್ಟದಿರೋಣ. ಅದರ ಬಾಲಕ್ಕೆ ಪಟಾಕಿ ಕಟ್ಟುವುದು ಆಟವಲ್ಲ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೆಂದು ಮಕ್ಕಳಿಗೆ ತಿಳಿಹೇಳೋಣ. ಮನೆಯ ಮುಂದೆ ಹಣತೆಗಳ ಸಾಲು ಹೆಚ್ಚಿ, ಸಿಡಿಮದ್ದು ಕಡಿಮೆಯಾದಷ್ಟೂ ಈ ಮೂಕಜೀವಗಳಿಗೆ ಹಬ್ಬದ ರಾತ್ರಿ ಹಗುರವಾಗುತ್ತದೆ.